ಮೇಕೆಯ ಆನುವಂಶಿಕತೆ: ಅಧ್ಯಯನದ ಇತಿಹಾಸ ಮತ್ತು ಹಳೇಬೀಡಿನ ಸೀಮೆ

ಮೇಕೆ ಅಥವಾ ಆಡು, ಸಂಸ್ಕೃತದಲ್ಲಿ ಅಜ, ಮನುಷ್ಯನು ಪಳಗಿಸಿದ ಸಾಕುಪ್ರಾಣಿಗಳಲ್ಲಿ ಅತ್ಯಂತ ಪ್ರಾಚೀನವಾದವುಗಳಲ್ಲೊಂದು. ಅದರ ಬಣ್ಣ, ಕೊಂಬು, ಹಾಲು, ಈಯುವ ಶಕ್ತಿ ಇವು ತಲೆಮಾರಿನಿಂದ ತಲೆಮಾರಿಗೆ ಇಳಿದುಬರುವ ಕ್ರಮವನ್ನೂ, ಹಾಗೆ ಇಳಿದುಬಂದ ವಂಶವಾಹಿಗಳು ದೇಹದ ಯಾವ ಅಂಗದಲ್ಲಿ, ಯಾವ ಕಾಲದಲ್ಲಿ, ಎಷ್ಟರಮಟ್ಟಿಗೆ ಅಭಿವ್ಯಕ್ತವಾಗುತ್ತವೆ ಎಂಬುದನ್ನೂ ವಿಚಾರಮಾಡುವ ಶಾಸ್ತ್ರಕ್ಕೆ ನೂರು ವರ್ಷ ತುಂಬಿದೆಯೋ ಇಲ್ಲವೋ. ಆದರೆ ಆ ಶಾಸ್ತ್ರವು ಕೈಗೆತ್ತಿಕೊಂಡ ಲಕ್ಷಣಗಳಲ್ಲಿ ಹಲವನ್ನು ಮಂದೆ ಕಾಯುವವರು ಬಹುಕಾಲದಿಂದ ಗುರುತಿಸಿ ಹೆಸರಿಟ್ಟಿದ್ದರು.

ಊರಮೇಕೆಯ ಮೂಲಪುರುಷನು ಪಶ್ಚಿಮ ಏಷ್ಯದ ಬೆಜೋರ್ ಎಂಬ ಕಾಡುಮೇಕೆ. ಇರಾನಿನ ಜಾಗ್ರೋಸ್ ಪರ್ವತಗಳ ಗಂಜ್ ದರೇ ಎಂಬಲ್ಲಿ ದೊರೆತ ಎಲುಬುಗಳಿಂದ, ಸುಮಾರು 10,000 ವರ್ಷಗಳ ಹಿಂದೆಯೇ ಅಲ್ಲಿನ ಜನ ಹೋತಗಳನ್ನು ಎಳೆಯ ಪ್ರಾಯದಲ್ಲಿ ಕೊಯ್ದು ಹೆಣ್ಣುಗಳನ್ನು ಉಳಿಸಿಕೊಳ್ಳುತ್ತಿದ್ದರೆಂದು ತಿಳಿದುಬಂದಿದೆ. ನಮ್ಮ ಪಶ್ಚಿಮ ಘಟ್ಟದ ನೀಲಗಿರಿ ತಾರ್ ನೋಟಕ್ಕೆ ಮೇಕೆಯಂತಿದ್ದರೂ ವಂಶದಲ್ಲಿ ಕುರಿಗೇ ಹತ್ತಿರವಾದುದು. ಆದಕಾರಣ ಕನ್ನಡನಾಡಿನ ಆಡುಗಳೆಲ್ಲವೂ ಹೊರಗಿನಿಂದ ಮನುಷ್ಯನ ಸಂಗಡ ನಡೆದುಬಂದವುಗಳೆಂದೇ ಹೇಳಬೇಕು. ಮೇಕೆಯಲ್ಲಿ 60, ಕುರಿಯಲ್ಲಿ 54 ವರ್ಣತಂತುಗಳಿವೆ. ಒಂದೇ ಕೋಲಿನ ಕೆಳಗೆ ಒಂದೇ ಮಂದೆಯಾಗಿ ಮೇಯುವ ಇವೆರಡು ಬೆರೆತು ಮರಿ ಬದುಕುವುದು ಅತ್ಯಪೂರ್ವವಾಗಿರುವುದಕ್ಕೆ ಈ ಅಂತರವು ಒಂದು ಕಾರಣ.

ತಾಯಿಯ ಕಡೆಯಿಂದ ಮಾತ್ರ ಇಳಿದುಬರುವ ಮೈಟೊಕಾಂಡ್ರಿಯದ ಡಿಎನ್‌ಎಯನ್ನು ಹೋಲಿಸಿ 2001ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಲೋಕದ ಮೇಕೆಗಳಲ್ಲಿ ಬಹುಪಾಲು ಒಂದೇ ಮಹಾವಂಶಕ್ಕೆ ಸೇರಿದವೆಂದೂ, ಖಂಡಖಂಡಗಳ ನಡುವಣ ಭೇದವು ದನಗಳಲ್ಲಿ ಕಾಣುವಷ್ಟು ಸ್ಪಷ್ಟವಲ್ಲವೆಂದೂ ಕಂಡುಬಂದಿತು. ಇದಕ್ಕೆ ಕಾರಣ, ಮೇಕೆಯು ಹೊತ್ತು ಸಾಗಿಸಲು ಹಗುರ, ಸೊಪ್ಪುಸದೆ ಸಿಕ್ಕಲ್ಲಿ ಬದುಕಬಲ್ಲುದು, ಆಡು ಮುಟ್ಟದ ಸೊಪ್ಪಿಲ್ಲ ಎಂಬ ಖ್ಯಾತಿಯದು. ವರ್ತಕರೊಡನೆಯೂ ವಲಸೆಗಾರರೊಡನೆಯೂ ಅದು ಎಲ್ಲೆಡೆಗೂ ಹೋಯಿತು.

ಈ ಇತಿಹಾಸದಲ್ಲಿ ಅತ್ಯಂತ ಸ್ವಾರಸ್ಯಕರವಾದ ಅಧ್ಯಾಯವು ಬೋಡು ಮೇಕೆಯದು. ಹಾಲಿಗೆಂದು ಸಾಕುವ ಯುರೋಪಿನ ತಳಿಗಳಲ್ಲಿ ಕೊಂಬಿಲ್ಲದ ಮೇಕೆಗಳನ್ನೇ ಆರಿಸಿ ಆರಿಸಿ ಕೂಡಿಸುತ್ತ ಬಂದಾಗ, ಹೆಣ್ಣೂ ಅಲ್ಲದ ಗಂಡೂ ಅಲ್ಲದ ಮರಿಗಳು ಹುಟ್ಟತೊಡಗಿದವು. ಬೋಡುತನಕ್ಕೂ ಈ ದೋಷಕ್ಕೂ ನಂಟಿರಬಹುದೆಂದು ಅಮೆರಿಕದ ಆಸ್ಡೆಲ್ 1944ರಲ್ಲಿ ಸೂಚಿಸಿದನು. 2001ರಲ್ಲಿ ಫ್ರಾನ್ಸಿನ ವಿದ್ವಾಂಸರು ಮೊದಲನೆಯ ವರ್ಣತಂತುವಿನಲ್ಲಿ ಡಿಎನ್‌ಎಯ ಒಂದು ತುಂಡು ಕಳೆದುಹೋಗಿರುವುದನ್ನು ತೋರಿಸಿದರು; 2020ರಲ್ಲಿ, ಅದೇ ಸ್ಥಳದಲ್ಲಿ ಬೇರೊಂದು ಕಡೆಯ ದೊಡ್ಡ ತುಂಡು ತಲೆಕೆಳಗಾಗಿ ಸೇರಿಕೊಂಡಿರುವುದೂ ಬೆಳಕಿಗೆ ಬಂತು. ಬೆರಗಿನ ಸಂಗತಿಯೆಂದರೆ, ಕಳೆದುಹೋದ ಭಾಗದಲ್ಲಿ ಯಾವ ವಂಶವಾಹಿಯೂ ಇರಲಿಲ್ಲ. ಅಲ್ಲಿಂದ ಬಹು ದೂರದಲ್ಲಿರುವ, ತಾನು ಅಕ್ಷತವಾಗಿಯೇ ಉಳಿದಿರುವ ಫಾಕ್ಸ್‌ಎಲ್2 ಎಂಬ ವಂಶವಾಹಿಯು, ತಂದೆತಾಯಿ ಇಬ್ಬರಿಂದಲೂ ಈ ಲೋಪವನ್ನು ಪಡೆದ ಹೆಣ್ಣು ಭ್ರೂಣದಲ್ಲಿ ಮೌನವಾಗಿಬಿಡುತ್ತದೆ. ಅಂಡಾಶಯವಾಗಬೇಕಾದ ಅಂಗವು ವೃಷಣದ ದಾರಿ ಹಿಡಿಯುತ್ತದೆ. ವಂಶವಾಹಿಯನ್ನು ಹೊಂದಿರುವುದು ಬೇರೆ, ಅದು ಅಭಿವ್ಯಕ್ತವಾಗುವುದು ಬೇರೆ ಎಂಬ ತತ್ತ್ವಕ್ಕೆ ಇದಕ್ಕಿಂತ ವಿಶದವಾದ ದೃಷ್ಟಾಂತವನ್ನು ನಾನು ಕಂಡಿಲ್ಲ.

ನಮ್ಮ ಶಾಸ್ತ್ರಕಾರರು ನಿಷ್ಪ್ರಯೋಜನಕ್ಕೆ ಉಪಮಾನವಾಗಿ ಹೇಳುತ್ತ ಬಂದ ಅಜಾಗಲಸ್ತನವೂ, ಎಂದರೆ ಆಡಿನ ಕೊರಳಲ್ಲಿ ಜೋಲುವ ಮೊಲೆಯಂಥ ತೊಗಲೂ, ವಿಜ್ಞಾನಕ್ಕೆ ನಿಷ್ಪ್ರಯೋಜನವಾಗಲಿಲ್ಲ. ಅದು ಪ್ರಬಲ ಗುಣವಾಗಿ ಇಳಿದುಬರುತ್ತದೆ. ಸ್ವಿಟ್ಜರ್ಲೆಂಡಿನ ವಿದ್ವಾಂಸರು 2015ರಲ್ಲಿ ಅದರ ನೆಲೆಯನ್ನು ಹತ್ತನೆಯ ವರ್ಣತಂತುವಿನಲ್ಲಿ ಗುರುತಿಸಿದರು. ಭ್ರೂಣದಲ್ಲಿ ಕೈಕಾಲುಗಳ ಬೆಳವಣಿಗೆಯನ್ನು ನಡೆಸುವ ವಂಶವಾಹಿಗಳಿರುವ ಜಾಗವೇ ಅದು.

ಹಾಲಿನ ವಿಷಯದಲ್ಲಿ 1980ರ ದಶಕದಿಂದ ಫ್ರಾನ್ಸಿನಲ್ಲಿ ನಡೆದ ಶೋಧನೆಯು ಆಲ್ಫಾ ಎಸ್1 ಕೇಸೀನ್ ಎಂಬ ಪ್ರೋಟೀನಿನ ವಂಶವಾಹಿಗೆ ಪ್ರಬಲ, ಮಧ್ಯಮ, ದುರ್ಬಲ, ಶೂನ್ಯ ರೂಪಗಳಿವೆಯೆಂದು ತಿಳಿಸಿತು. ಪ್ರಬಲ ರೂಪದ ಮೇಕೆಯ ಹಾಲು ಗಟ್ಟಿಯಾಗಿ ಹೆಪ್ಪುಗಟ್ಟುತ್ತದೆ. 2013ರಲ್ಲಿ ಚೀನದ ಯುನ್ನಾನ್ ಪ್ರಾಂತದ ಕರಿಯ ಹೆಣ್ಣುಮೇಕೆಯೊಂದರ ಸಂಪೂರ್ಣ ಜೀನೋಮು ಪ್ರಕಟವಾಯಿತು. 2017ರಲ್ಲಿ ಅದಕ್ಕಿಂತ ನಿರ್ದುಷ್ಟವಾದ ಮತ್ತೊಂದು ಬಂದಿತು.

ಭಾರತದಲ್ಲಿ ಮಥುರೆಯ ಸಮೀಪದ ಮಖದೂಮಿನಲ್ಲಿ ಕೇಂದ್ರೀಯ ಮೇಕೆ ಸಂಶೋಧನ ಸಂಸ್ಥೆಯು 1979ರಲ್ಲಿಯೂ, ಈಗ ಕರ್ನಾಲಿನಲ್ಲಿರುವ ಪಶು ಆನುವಂಶಿಕ ಸಂಪತ್ತಿನ ರಾಷ್ಟ್ರೀಯ ಬ್ಯೂರೋ 1984ರಲ್ಲಿಯೂ ಸ್ಥಾಪಿತವಾದವು. ಈ ಬ್ಯೂರೋ ಕರ್ನಾಟಕದ ನಂದಿದುರ್ಗ ಮತ್ತು ಬೀದ್ರಿ ಮೇಕೆಗಳನ್ನು ತಳಿಗಳೆಂದು ನೋಂದಾಯಿಸಿದೆ. 2019ರ ಗಣತಿಯಂತೆ ದೇಶದಲ್ಲಿ 14.88 ಕೋಟಿ ಮೇಕೆಗಳಿದ್ದವು; ಅವುಗಳಲ್ಲಿ ಬಹುಪಾಲು ಯಾವ ನೋಂದಾಯಿತ ತಳಿಗೂ ಸೇರದವು.

ಹಾಸನ ಜಿಲ್ಲೆಯ ಹಳೇಬೀಡಿನ ಆಡುಗಳು ಈ ಹೆಸರಿಲ್ಲದ ಬಹುಪಾಲಿಗೆ ಸೇರಿದವು. ಹಾಸನ ಎಂಬ ಹೆಸರಿನ ಕುರಿಯ ತಳಿಯೊಂದು ಪ್ರಸಿದ್ಧವಾಗಿರುವಾಗ, ಅದೇ ಜಿಲ್ಲೆಯ ಮೇಕೆಗೆ ಅಂಥ ಹೆಸರಿಲ್ಲ. ಪಶ್ಚಿಮಕ್ಕೆ ಬೇಲೂರಿನ ಮಲೆನಾಡ ಅಂಚು, ಪೂರ್ವಕ್ಕೆ ಅರಸೀಕೆರೆಯ ತೆಂಗು ಮತ್ತು ರಾಗಿಯ ಬಯಲು. ನಡುವೆ ಊರಿನ ದ್ವಾರಸಮುದ್ರದ ಕೆರೆಯ ಸುತ್ತ ಬೇಲಿಯ ಸೊಪ್ಪನ್ನೂ ಜಾಲಿಯ ಕಾಯನ್ನೂ ಮೇಯುತ್ತ ಮನೆಗೆ ಎರಡು ಮೂರರಂತೆ ಬೆಳೆಯುವ ಇವುಗಳನ್ನು ನಿರ್ದಿಷ್ಟತಳಿರಹಿತ ಎಂಬ ಒಂದೇ ಮಾತಿನಲ್ಲಿ ಮುಗಿಸಿಬಿಡುವುದು ಅನ್ಯಾಯವೆಂದು ನನ್ನ ಅಭಿಪ್ರಾಯ. ಅದಕ್ಕಿಂತ ಚಿಂತೆಯ ವಿಷಯವೂ ಒಂದಿದೆ: ಬೇಗ ಬೆಳೆದು ಮೈತುಂಬಿದ ಹೋತವು ಹರಕೆಗೋ ಹಬ್ಬಕ್ಕೋ ಸಂತೆಗೋ ಮೊದಲು ಹೊರಟುಹೋಗುತ್ತದೆ, ಬೆಳವಣಿಗೆ ಕುಂಠಿತವಾದುದು ಊರಿನಲ್ಲಿ ಉಳಿದು ಹೆಣ್ಣುಗಳನ್ನು ಕೂಡುತ್ತದೆ. ಜಾಗ್ರೋಸಿನ ಕಾಲದಿಂದ ಆರಂಭವಾದ ಆಯ್ಕೆಯು ಹೀಗೆ ನಮ್ಮ ಊರುಗಳಲ್ಲಿ ಹಿಮ್ಮುಖವಾಗಿದೆ. ಒಳ್ಳೆಯ ಹೋತವೊಂದನ್ನು ನಾಲ್ಕು ಮನೆಯವರು ಕೂಡಿ ಎರಡು ವರ್ಷ ಉಳಿಸಿಕೊಂಡರೆ ಅದರ ಮರಿಗಳು ಊರ ಮಂದೆಯಲ್ಲಿ ಎದ್ದುಕಾಣುತ್ತವೆ. ಇದಕ್ಕೆ ಬೇಕಾದುದು ಹೋತವನ್ನು ಮಾರದೆ ಕಾಯುವಷ್ಟು ಹಣದ ಬಲ, ಮತ್ತು ಯಾವ ಮರಿ ಯಾವ ಹೋತದ್ದೆಂದು ಬರೆದಿಡುವ ಒಂದು ಪುಸ್ತಕ.