ಯಾದವಗಿರಿಯಲ್ಲಿ ಜಾವಾ ಫ್ಯಾಕ್ಟರಿ ಹುಡುಕುವುದು ಹೇಗೆ?

ಮೈಸೂರಿನ ಯಾದವಗಿರಿಯಲ್ಲಿ ಒಂದು ಮೋಟಾರ್‌ಸೈಕಲ್ ಕಾರ್ಖಾನೆ ಇತ್ತು. 1961ರಿಂದ 1996ರವರೆಗೆ, ಹತ್ತಿರ ಹತ್ತಿರ 35 ವರ್ಷ. ಕಾಗದದ ಮೇಲೆ ಅದರ ಹೆಸರು ಐಡಿಯಲ್ ಜಾವಾ. ಊರಿನವರ ಬಾಯಲ್ಲಿ ಜಾವಾ ಫ್ಯಾಕ್ಟರಿ. ಪೆಟ್ರೋಲ್ ಟ್ಯಾಂಕಿನ ಮೇಲಿನ ಹೆಸರು ಯೆಜ್ಡಿ ಅಂತ ಬದಲಾಗಿ ವರ್ಷಗಳು ಕಳೆದರೂ ಊರು ತನ್ನ ಅಭ್ಯಾಸ ಬಿಡಲಿಲ್ಲ.

ಇವತ್ತು ನೀವು ಯಾದವಗಿರಿಗೆ ಹೋದರೆ ಆಕಾಶವಾಣಿ ಸಿಗುತ್ತೆ. ರಾಮಕೃಷ್ಣ ಆಶ್ರಮ ಸಿಗುತ್ತೆ. ಆರ್.ಕೆ. ನಾರಾಯಣ್ ಅವರ ಮನೆ ಮ್ಯೂಸಿಯಂ ಆಗಿದೆ, ಅದೂ ಸಿಗುತ್ತೆ. ಫ್ಯಾಕ್ಟರಿ ಮಾತ್ರ ಸಿಗಲ್ಲ. ಅಲ್ಲಿ ಹುಟ್ಟಿದ ಬೈಕುಗಳು ಊರೂರಿನಲ್ಲಿ ಓಡ್ತಾ ಇವೆ, ಅವುಗಳ ಸದ್ದನ್ನು ಕಣ್ಣು ಮುಚ್ಚಿ ಗುರುತು ಹಿಡಿಯೋರು ಇದ್ದಾರೆ. ಆದರೆ ಆ ಬೈಕುಗಳನ್ನು ಕಟ್ಟಿದ ಜಾಗ, ಕಟ್ಟಿದ ಕೈಗಳು? ಅವುಗಳ ಬಗ್ಗೆ ನಮ್ಮ ಹತ್ತಿರ ಏನಿದೆ? ಈ ಪ್ರಬಂಧ ಇರೋದು ಆ ಪ್ರಶ್ನೆಯ ಬಗ್ಗೆ.

ಮೊದಲು ಕಥೆಯನ್ನು ಸರಿಯಾಗಿ ಹೇಳಿಬಿಡ್ತೀನಿ. 1929ರಲ್ಲಿ ಫ್ರಾಂಟಿಶೆಕ್ ಯಾನೆಚೆಕ್ ಅನ್ನೋ ಚೆಕ್ ಉದ್ಯಮಿ ಜರ್ಮನಿಯ ವಾಂಡರರ್ ಕಂಪನಿಯಿಂದ ಮೋಟಾರ್‌ಸೈಕಲ್ ವಿನ್ಯಾಸ ಕೊಂಡುಕೊಂಡ. ತನ್ನ ಹೆಸರಿನ ಮೊದಲ ಎರಡು ಅಕ್ಷರ, ವಾಂಡರರ್‌ನ ಮೊದಲ ಎರಡು ಅಕ್ಷರ ಸೇರಿಸಿದ. ಚೆಕ್ ಉಚ್ಚಾರಣೆಯಲ್ಲಿ ಅದು ಯಾವಾ, ನಮ್ಮ ಬಾಯಿಗೆ ಬಂದಾಗ ಜಾವಾ. 1950ರ ದಶಕದಲ್ಲಿ ಬೊಂಬಾಯಿಯ ಇರಾನಿ ಕುಟುಂಬ ಈ ಬೈಕುಗಳನ್ನು ಆಮದು ಮಾಡಿ ಮಾರುತ್ತಿತ್ತು. ಆಮದಿನ ಮೇಲೆ ಸರ್ಕಾರದ ನಿರ್ಬಂಧ ಬಂದಾಗ, ಪರವಾನಗಿ ಪಡೆದು ಇಲ್ಲೇ ತಯಾರಿಸೋದು ಅಂತ ರುಸ್ತುಂ ಇರಾನಿ ಮತ್ತು ಫಾರೂಖ್ ಇರಾನಿ ತೀರ್ಮಾನಿಸಿದರು. ಜಾಗ ಮೈಸೂರು. ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರ್ ಉದ್ಘಾಟನೆ ಮಾಡಿದರು.

ಬೈಕಿನ ಬಗ್ಗೆ ಎರಡು ಮಾತು ಹೇಳದಿದ್ದರೆ ಅಭಿಮಾನಿಗಳು ನನ್ನನ್ನು ಸುಮ್ಮನೆ ಬಿಡಲ್ಲ. 248.5 ಸಿಸಿಯ ಟೂ-ಸ್ಟ್ರೋಕ್ ಎಂಜಿನ್. ಒಂದೇ ಸಿಲಿಂಡರ್, ಆದರೆ ಸೈಲೆನ್ಸರ್ ಎರಡು. ಕಿಕ್ ಹೊಡೆಯೋ ಲಿವರೇ ಗೇರ್ ಲಿವರ್ ಕೂಡ: ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಕಿಕ್, ವಾಪಸ್ ತಂದರೆ ಗೇರ್. ಮೊದಲ ಸಲ ನೋಡಿದವರು ಕಿಕ್ಕರ್ ಎಲ್ಲಿ ಅಂತ ಬಲಗಡೆ ಹುಡುಕ್ತಾರೆ. 1970ರ ದಶಕದಲ್ಲಿ ಚೆಕ್ ಕಂಪನಿಯ ಹೆಸರು ಬಳಸೋ ಒಪ್ಪಂದ ಮುಗಿದ ಮೇಲೆ ಬೈಕು ಯೆಜ್ಡಿ ಆಯಿತು. ಇರಾನಿಗಳ ಮೂಲ ಊರು ಇರಾನಿನ ಯಜ್ದ್, ಹೆಸರು ಅಲ್ಲಿಂದ ಬಂದದ್ದು ಅಂತಾರೆ. ಸ್ವಾರಸ್ಯ ಏನಂದ್ರೆ ಚೆಕ್ ಭಾಷೆಯಲ್ಲಿ ಅದೇ ಥರ ಕೇಳಿಸುವ ಒಂದು ಪದ ಇದೆ, ಅರ್ಥ 'ಓಡಿಸ್ತಾನೆ' ಅಂತ. ಆಮೇಲೆ 1978ರಲ್ಲಿ ರೋಡ್‌ಕಿಂಗ್ ಬಂತು, 1980ರ ದಶಕದಲ್ಲಿ ಎರಡು ಸಿಲಿಂಡರಿನ 350 ಬಂತು.

ಮುಚ್ಚಿದ್ದು ಯಾಕೆ? ಈ ಪ್ರಶ್ನೆ ಕೇಳಿದರೆ ಸಾಮಾನ್ಯವಾಗಿ ಒಂದೇ ಪದದ ಉತ್ತರ ಬರುತ್ತೆ: ಯೂನಿಯನ್. ಕಾರ್ಮಿಕರ ಗಲಾಟೆ ಜಾಸ್ತಿಯಾಯಿತು, ಕಂಪನಿ ಮುಳುಗಿತು, ಅಷ್ಟೇ. ಕಾರ್ಮಿಕ ಸಂಘರ್ಷ ಇತ್ತು, ಇಲ್ಲ ಅಂತ ನಾನು ಹೇಳ್ತಿಲ್ಲ. ಆದರೆ ಇಸವಿಗಳನ್ನು ಒಂದರ ಪಕ್ಕ ಒಂದು ಇಟ್ಟು ನೋಡಿ. 1984ರಲ್ಲಿ ಇಂಡ್-ಸುಝುಕಿ. 1985ರಲ್ಲಿ ಹೀರೋ ಹೋಂಡಾದ ಸಿಡಿ 100 ಮತ್ತು ಯಮಾಹಾದ ಆರ್‌ಎಕ್ಸ್ 100. ಮರುವರ್ಷ ಕವಾಸಾಕಿ ಬಜಾಜ್. ಎರಡು ಮೂರು ವರ್ಷದೊಳಗೆ ನಾಲ್ಕು ಜಪಾನಿ ತಂತ್ರಜ್ಞಾನದ ನೂರು ಸಿಸಿ ಬೈಕುಗಳು. ಪೆಟ್ರೋಲ್ ಬಂಕಿನಲ್ಲಿ ಆಯಿಲ್ ಬೆರೆಸಿಕೊಂಡು, ಒಂದು ಲೀಟರಿಗೆ ಅವುಗಳಿಗಿಂತ ಕಡಿಮೆ ದೂರ ಓಡೋ 250 ಸಿಸಿ ಗಾಡಿಯನ್ನು ಸಂಬಳದ ಮನುಷ್ಯ ಯಾಕೆ ಕೊಳ್ತಾನೆ? ಇದರ ಮೇಲೆ 1991ರಲ್ಲಿ ಹೊಗೆ ನಿಯಂತ್ರಣದ ಮೊದಲ ಮಾನದಂಡಗಳು ಬಂದವು, 1996ರಲ್ಲಿ ಅವು ಇನ್ನೂ ಬಿಗಿಯಾದವು. ಆರ್‌ಎಕ್ಸ್ 100 ನಿಂತಿದ್ದೂ 1996ರಲ್ಲೇ. ಆ ಬೈಕಿಗೆ ಗಿರಾಕಿಗಳ ಕೊರತೆ ಇರಲಿಲ್ಲ ಅನ್ನೋದು ನೆನಪಿರಲಿ.

ಅಂದರೆ ಮೂಲ ವಿನ್ಯಾಸ 1950ರ ದಶಕದ್ದು, ಮಾರುಕಟ್ಟೆ 1980ರ ದಶಕದ್ದು, ಕಾನೂನು 1990ರ ದಶಕದ್ದು. ಈ ಮೂರರ ನಡುವಿನ ಅಂತರ ತುಂಬಲು ಹೊಸ ಎಂಜಿನ್ ಬೇಕಿತ್ತು, ಹೊಸ ಎಂಜಿನ್ನಿಗೆ ಬಂಡವಾಳ ಬೇಕಿತ್ತು. ಬಂಡವಾಳ ಹಾಕೋ ನಿರ್ಧಾರ ಅಸೆಂಬ್ಲಿ ಲೈನಿನಲ್ಲಿ ನಿಂತವನ ಕೈಲಿ ಇರುವುದಿಲ್ಲ. ಹೀಗಿದ್ದೂ ನೆನಪಿನಲ್ಲಿ ಉಳಿದಿರೋದು ಯೂನಿಯನ್ ಕಥೆ. ಯಾಕೆ ಅಂತ ಯೋಚಿಸಿದ್ದೀರಾ?

ನನ್ನ ಕಸುಬು ಡೇಟಾ. ಈ ಕಸುಬಿನಲ್ಲಿ ಮೊದಲು ಕಲಿಯೋ ಪಾಠಗಳಲ್ಲಿ ಒಂದು: ಕೈಗೆ ಸಿಕ್ಕ ದಾಖಲೆ ನೋಡುವ ಮುಂಚೆ, ಕೈಗೆ ಸಿಗದೆ ಹೋದದ್ದು ಯಾವುದು ಅಂತ ಕೇಳಬೇಕು. ಜಾವಾ ವಿಷಯದಲ್ಲಿ ಉಳಿದಿರೋದು ಬೈಕುಗಳು. ಅವುಗಳಿಗೆ ಮಾಲೀಕರಿದ್ದಾರೆ, ಕ್ಲಬ್ಬುಗಳಿವೆ, ಪ್ರತಿ ವರ್ಷ ಜುಲೈನ ಎರಡನೇ ಭಾನುವಾರ ಜಾವಾ ದಿನ ಅಂತ ನೂರಾರು ಜನ ಸೇರ್ತಾರೆ. ಹಳೇ ಬ್ರೋಚರ್‌ಗಳು, ಮಾಡೆಲ್ ನಂಬರ್‌ಗಳು, ಯಾವ ವರ್ಷ ಟ್ಯಾಂಕಿನ ಬಣ್ಣ ಯಾವುದಿತ್ತು, ಎಲ್ಲಕ್ಕೂ ಲೆಕ್ಕ ಇಟ್ಟವರಿದ್ದಾರೆ. ಅದು ಒಳ್ಳೆಯ ಕೆಲಸ. ಆದರೆ ಅದು ಓಡಿಸಿದವರ ಇತಿಹಾಸ. ಕಟ್ಟಿದವರ ಇತಿಹಾಸ ಖಾಲಿ ಕಾಲಂ. ಖಾಲಿ ಕಾಲಂ ಇದ್ದ ಕಡೆ ಯಾರು ಜೋರಾಗಿ ಹೇಳ್ತಾರೋ ಅವರ ಕಥೆ ತುಂಬಿಕೊಳ್ಳುತ್ತೆ.

ಹೀಗೇ ಆಗಬೇಕು ಅಂತೇನಿಲ್ಲ. ಸಿಡ್ನಿಗೆ ಬಂದರೆ ರೆಡ್‌ಫರ್ನ್ ಸ್ಟೇಷನ್ನಿನಲ್ಲಿ ಇಳಿದು ನಡೆಯಿರಿ, ಈವ್ಲೀ ಸಿಗುತ್ತೆ. 1880ರ ದಶಕದಲ್ಲಿ ಶುರುವಾದ ರೈಲ್ವೆ ವರ್ಕ್‌ಶಾಪ್, ಸುಮಾರು ನೂರು ವರ್ಷ ನಡೆದು 1980ರ ದಶಕದ ಕೊನೆಗೆ ಮುಚ್ಚಿತು. ಹಳಿಯ ಒಂದು ಪಕ್ಕದ ಶೆಡ್‌ಗಳು 2007ರಿಂದ ಕ್ಯಾರೇಜ್‌ವರ್ಕ್ಸ್ ಅನ್ನೋ ಕಲಾಕೇಂದ್ರ. ಇನ್ನೊಂದು ಪಕ್ಕದಲ್ಲಿ ಬ್ಯಾಂಕು, ಟೆಕ್ ಕಂಪನಿಗಳ ಆಫೀಸು. ನನ್ನಂಥವರು ಲ್ಯಾಪ್‌ಟಾಪ್ ಹಿಡ್ಕೊಂಡು ಕಾಫಿಗೆ ಹೋಗೋ ದಾರಿಯಲ್ಲಿ ಕುಲುಮೆಯ ಪ್ರೆಸ್ ಯಂತ್ರಗಳು ಇದ್ದ ಕಡೆಯೇ ನಿಂತಿವೆ.

ಅಲ್ಲಿ ಉಳಿದಿರೋದು ಯಂತ್ರ ಮಾತ್ರ ಅಲ್ಲ, ಜಗಳವೂ ಉಳಿದಿದೆ. 1917ರ ಆಗಸ್ಟ್ 2ರಂದು ಈವ್ಲೀ ಮತ್ತು ರ್‍ಯಾಂಡ್‌ವಿಕ್ ವರ್ಕ್‌ಶಾಪಿನ ಕಾರ್ಮಿಕರು ಕೆಲಸ ಬಿಟ್ಟು ಹೊರಬಂದರು. ಕಾರಣ ಒಂದು ಕಾರ್ಡು. ಯಾವ ಕೆಲಸಕ್ಕೆ ಯಾರು ಎಷ್ಟು ಹೊತ್ತು ತಗೊಂಡರು ಅಂತ ಬರೆದಿಡೋ ಟೈಮ್ ಕಾರ್ಡ್ ಪದ್ಧತಿಯನ್ನು ಆಡಳಿತ ತಂದಿತ್ತು. ಆ ಮುಷ್ಕರ ಗಣಿ, ಬಂದರುಗಳಿಗೂ ಹಬ್ಬಿ ಆಸ್ಟ್ರೇಲಿಯಾದ ಇತಿಹಾಸದ ದೊಡ್ಡ ಮುಷ್ಕರಗಳಲ್ಲಿ ಒಂದಾಯಿತು. ಕಾರ್ಮಿಕರು ಸೋತರು. ಆದರೆ ನೂರು ವರ್ಷದ ನಂತರ, 2017ರಲ್ಲಿ, ಅದೇ ಶೆಡ್ಡಿನೊಳಗೆ ಆ ಮುಷ್ಕರದ ಬಗ್ಗೆಯೇ ಪ್ರದರ್ಶನ ಏರ್ಪಾಡಾಯಿತು. ಆ ಕಾರ್ಡು ನನ್ನ ಕಸುಬಿನ ಮುತ್ತಜ್ಜ ಇದ್ದ ಹಾಗೆ. ಕೆಲಸಗಾರನ ಬಗ್ಗೆ ಲೆಕ್ಕ ಬರೆದಿಡಲು ಕಂಪನಿಗಳು ಯಾವತ್ತೂ ಮರೆಯಲ್ಲ. ಕೆಲಸಗಾರ ಹೇಳೋ ಲೆಕ್ಕವನ್ನು ಯಾರಾದರೂ ಹಟ ಹಿಡಿದು ಬರೆದಿಟ್ಟರೆ ಮಾತ್ರ ಅದು ಉಳಿಯುತ್ತೆ.

ನಾನಿರೋ ಮೆಲ್ಬರ್ನ್‌ನಲ್ಲಿ ಇದು ಇನ್ನೂ ಹಸಿ ವಿಷಯ. 1948ರಲ್ಲಿ ಪ್ರಧಾನಿ ಬೆನ್ ಚಿಫ್ಲಿ ಮೊದಲ ಹೋಲ್ಡನ್ ಕಾರನ್ನು ಅನಾವರಣ ಮಾಡಿದ್ದು ಇಲ್ಲಿನ ಫಿಶರ್‌ಮನ್ಸ್ ಬೆಂಡ್‌ನಲ್ಲಿ. ಅಲ್ಲಿನ ಎಂಜಿನ್ ತಯಾರಿಕೆ 2016ರಲ್ಲಿ ನಿಂತಿತು, ಬ್ರಾಡ್‌ಮೆಡೋಸ್‌ನ ಫೋರ್ಡ್ ಕೂಡ ಅದೇ ವರ್ಷ, ಆಲ್ಟೋನಾದ ಟೊಯೋಟಾ 2017ರ ಅಕ್ಟೋಬರ್‌ನಲ್ಲಿ. ಕೆಲಸ ಹೋದ ನೋವು ಎಲ್ಲಾ ಕಡೆ ಒಂದೇ. ಆದರೆ ಒಂದು ವ್ಯತ್ಯಾಸ ಗಮನಿಸಿ: ಈ ಮೂರೂ ಕಂಪನಿಗಳು 2013-14ರಲ್ಲೇ, ಸುಮಾರು ಮೂರು ವರ್ಷ ಅಥವಾ ಅದಕ್ಕೂ ಮುಂಚೆ, ಬಾಗಿಲು ಹಾಕ್ತೀವಿ ಅಂತ ಹೇಳಿದ್ದವು. ಬೇರೆ ಕೆಲಸ ಕಲಿಯೋದಕ್ಕೆ, ಕೊನೆಯ ದಿನದ ಫೋಟೋ ತೆಗೆಯೋದಕ್ಕೆ ಜನರಿಗೆ ಸಮಯ ಸಿಕ್ಕಿತ್ತು.

ಮೈಸೂರಿನಲ್ಲಿ ನಡೆದದ್ದು ಬೇರೆ. ಕಂಪನಿ ಲಿಕ್ವಿಡೇಶನ್‌ಗೆ ಹೋಯಿತು. ಅಂದರೆ ಕೋರ್ಟಿನ ಕಡೆಯ ಅಧಿಕಾರಿಯೊಬ್ಬರು ಆಸ್ತಿಯನ್ನೆಲ್ಲ ವಶಕ್ಕೆ ತಗೊಂಡು, ಮಾರಿ, ಬಾಕಿದಾರರಿಗೆ ಹಂಚೋದು. ಬಾಕಿದಾರರ ಸಾಲಿನಲ್ಲಿ ಬ್ಯಾಂಕುಗಳ ಜೊತೆಗೆ ಕಾರ್ಮಿಕರಿಗೂ ಕಾನೂನು ಜಾಗ ಕೊಟ್ಟಿದೆ. ಆದರೆ ಈ ಸಾಲು ಎಷ್ಟು ನಿಧಾನ ಅನ್ನೋದಕ್ಕೆ ಒಂದೇ ಉದಾಹರಣೆ ಸಾಕು. ಫ್ಯಾಕ್ಟರಿ ಮುಚ್ಚಿ 26 ವರ್ಷದ ಮೇಲೆ, 2022ರ ಡಿಸೆಂಬರ್‌ನಲ್ಲಿ, ಯೆಜ್ಡಿ ಅನ್ನೋ ಹೆಸರು ಯಾರ ಸೊತ್ತು ಅಂತ ಕರ್ನಾಟಕ ಹೈಕೋರ್ಟಿನ ಏಕಸದಸ್ಯ ಪೀಠ ತೀರ್ಪು ಕೊಟ್ಟಿತು: ಮುಚ್ಚಿಹೋದ ಐಡಿಯಲ್ ಜಾವಾದ್ದೇ ಅಂತ. ಮೇಲ್ಮನವಿ ಹೋಯಿತು, ವ್ಯಾಜ್ಯ ಮುಂದುವರಿಯಿತು.

ಆ ಹೆಸರಿಗೆ ಅಷ್ಟು ಬೆಲೆ ಬಂದದ್ದು ಯಾಕೆ? ಅಷ್ಟರಲ್ಲಿ ಬೈಕುಗಳು ವಾಪಸ್ ಬಂದಿದ್ದವು. ಮಹೀಂದ್ರಾ ಬೆಂಬಲದ ಕ್ಲಾಸಿಕ್ ಲೆಜೆಂಡ್ಸ್ ಕಂಪನಿ 2018ರ ನವೆಂಬರ್‌ನಲ್ಲಿ ಜಾವಾವನ್ನು, 2022ರ ಜನವರಿಯಲ್ಲಿ ಯೆಜ್ಡಿಯನ್ನು ಮತ್ತೆ ರಸ್ತೆಗೆ ತಂದಿತು. ಹಳೇ ಆಕಾರ, ಹಳೇ ಹೆಸರು. ತಯಾರಾಗೋದು ಮಧ್ಯಪ್ರದೇಶದ ಪೀಥಂಪುರದಲ್ಲಿ. ಅದರಲ್ಲಿ ತಪ್ಪೇನಿಲ್ಲ, ವ್ಯಾಪಾರ ನಡೆಯೋದೇ ಹಾಗೆ. ಆದರೆ ಶೋರೂಮಿನಲ್ಲಿ ಮಾರಾಟವಾಗೋ ಆ ನೆನಪಿನ ಬಹುಪಾಲು ಹುಟ್ಟಿದ್ದು ಯಾದವಗಿರಿಯಲ್ಲಿ, ವೆಲ್ಡಿಂಗ್ ಮಾಡಿದವರು, ಕ್ರೋಮ್ ಹಾಕಿದವರು, ಟ್ಯಾಂಕಿಗೆ ಗೆರೆ ಎಳೆದವರ ಕೈಯಲ್ಲಿ. ಆ ನೆನಪಿನಲ್ಲಿ ಅವರಿಗೆ ಪಾಲು ಸಿಗಬೇಡವೇ? ನಾನು ದುಡ್ಡಿನ ಮಾತಾಡ್ತಿಲ್ಲ. ದಾಖಲೆಯಲ್ಲಿ ಒಂದು ಸಾಲು.

ಈಗ ಒಂದು ಸಣ್ಣ ಲೆಕ್ಕ ಹಾಕೋಣ. 1961ರಲ್ಲಿ 20 ವರ್ಷಕ್ಕೆ ಕೆಲಸಕ್ಕೆ ಸೇರಿದವರಿಗೆ ಇವತ್ತು 80 ದಾಟಿದೆ. ರೋಡ್‌ಕಿಂಗ್ ಬಂದ 1978ರಲ್ಲಿ ಸೇರಿದವರಿಗೂ 65 ಮೀರಿದೆ. ಆ ಮೊದಲ ಬ್ಯಾಚಿನ ಮಾತು ಕೇಳಿಸಿಕೊಳ್ಳೋಕೆ ನಮಗಿರೋ ಸಮಯವನ್ನು ದಶಕಗಳಲ್ಲಿ ಎಣಿಸೋ ಹಾಗಿಲ್ಲ. ಸಿಡ್ನಿಯ ಹಾಗೆ ಶೆಡ್ಡು, ಯಂತ್ರ ಉಳಿಸಿಕೊಳ್ಳೋ ಅವಕಾಶ ನಮಗೆ ತಪ್ಪಿಹೋಗಿದೆ. ಉಳಿದಿರೋ ಅವಶೇಷ ಅಂದರೆ ಈ ಜನರೇ.

ಹಾಗಾಗಿ ಶೀರ್ಷಿಕೆಯ ಪ್ರಶ್ನೆಗೆ ನನ್ನ ಉತ್ತರ ಇಷ್ಟು: ಕಾಂಪೌಂಡು, ಗೇಟು ಹುಡುಕಬೇಡಿ. ನಿಮ್ಮ ಮಾವನೋ, ದೊಡ್ಡಪ್ಪನೋ, ಪಕ್ಕದ ರಸ್ತೆಯ ಹಿರಿಯರೋ ಜಾವಾ ಫ್ಯಾಕ್ಟರಿಯಲ್ಲಿದ್ದರೆ ಮುಂದಿನ ಸಲ ಮೈಸೂರಿಗೆ ಹೋದಾಗ ಒಂದು ಗಂಟೆ ಅವರ ಜೊತೆ ಕೂತ್ಕೊಳ್ಳಿ, ಕೇಳಿಕೊಂಡು ಫೋನಿನಲ್ಲಿ ರೆಕಾರ್ಡ್ ಮಾಡಿ. ಬೈಕಿನ ಬಗ್ಗೆ ಆಮೇಲೆ ಕೇಳಬಹುದು. ಮೊದಲು ಇವನ್ನು ಕೇಳಿ: ಯಾವ ಸೆಕ್ಷನ್ನಿನಲ್ಲಿ ಇದ್ರಿ? ಕೆಲಸ ಕಲಿಸಿದ್ದು ಯಾರು? ಮೊದಲ ಸಂಬಳ ಎಷ್ಟು? ಯೂನಿಯನ್ ಏನು ಕೇಳ್ತಿತ್ತು, ಕಂಪನಿ ಏನು ಹೇಳ್ತಿತ್ತು? ಮುಚ್ಚುತ್ತೆ ಅಂತ ನಿಮಗೆ ಗೊತ್ತಾಗಿದ್ದು ಯಾವಾಗ, ಯಾರಿಂದ? ಬರಬೇಕಾದ ಬಾಕಿ ಬಂತಾ? ಅದಾದ ಮೇಲೆ ಮನೆ ನಡೆದದ್ದು ಹೇಗೆ?

ಹತ್ತು ಜನ ಹತ್ತು ಥರ ಹೇಳಬಹುದು, ಒಬ್ಬರ ಮಾತನ್ನು ಇನ್ನೊಬ್ಬರು ಅಲ್ಲಗಳೆಯಬಹುದು. ಆಗಲಿ. ಫೈಲಿಗೆ ಅವರ ಹೆಸರು, ಸೆಕ್ಷನ್, ಸೇರಿದ ಇಸವಿ ಹಾಕಿ ಜೋಪಾನವಾಗಿ ಎತ್ತಿಡಿ.