ನೊಣದ ನೆತ್ತರಿನಿಂದ ಮನುಷ್ಯರ ಮಜ್ಜೆಯವರೆಗೆ

ಸ್ಮರಣ ಸಂಚಿಕೆ ಎಂದರೆ ಅಡಿಗಲ್ಲು ಇಟ್ಟವರು, ಜಾಗ ಬಿಟ್ಟುಕೊಟ್ಟವರು, ಮೊದಲ ಹೆಡ್‌ಮಾಸ್ತರು, ಹಳೆಯ ಗ್ರೂಪ್ ಫೋಟೊ. ಅವೆಲ್ಲ ಬೇರೆ ಪುಟಗಳಲ್ಲಿ ಬಂದಿವೆ. ಜೀವಶಾಸ್ತ್ರದ ಪಾಠ ಹೇಳಿದವನೆಂದು ವಿಜ್ಞಾನದ ಪುಟ ನನ್ನ ಪಾಲಿಗೆ ಬಿತ್ತು. ತುಮಕೂರು, ಗುಬ್ಬಿ, ಕುಣಿಗಲ್ ಕಡೆಯ ಹುಡುಗರು ಓದಿಗೋ ಕೆಲಸಕ್ಕೋ ಹೋಗುವುದು ಬೆಂಗಳೂರಿಗೇ. ಆದರೆ ಹೆಬ್ಬಾಳ ದಾಟಿ ಬಳ್ಳಾರಿ ರಸ್ತೆ ಹಿಡಿದವರಲ್ಲಿ ಎಷ್ಟು ಮಂದಿಗೆ ಜಕ್ಕೂರಿನ ಗೇಟಿನ ಒಳಗೆ, ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದ ಒಳಗೆ ನಡೆಯುವ ಕೆಲಸದ ಸುಳಿವಿದೆ? ಅಲ್ಲಿ ಇಪ್ಪತ್ತು ವರ್ಷಗಳಿಗೂ ಮೇಲ್ಪಟ್ಟು ನಡೆದುಬಂದ ಒಂದು ಸಂಶೋಧನೆಯ ಚರಿತ್ರೆಯನ್ನು ಬರೆಯುತ್ತಿದ್ದೇನೆ. ಅದು ರಕ್ತ ಹುಟ್ಟುವ ಬಗೆಯನ್ನು ಕುರಿತದ್ದು.

ಮೊದಲು ರಕ್ತದ ವಿಷಯ. ಕೆಂಪು ರಕ್ತಕಣದ ಆಯುಸ್ಸು ಸುಮಾರು 120 ದಿನ. ಪ್ಲೇಟ್‌ಲೆಟ್‌ಗೆ ಹತ್ತು ದಿನವೂ ಕಷ್ಟ. ಸೋಂಕಿನ ಮೇಲೆ ಮೊದಲು ನುಗ್ಗುವ ಬಿಳಿ ಕಣಗಳಂತೂ ರಕ್ತಕ್ಕೆ ಬಂದ ಮೇಲೆ ಬಹಳ ಕಾಲ ಉಳಿಯುವುದಿಲ್ಲ. ಈ ನಷ್ಟ ತುಂಬಲು ವಯಸ್ಕರ ದೇಹ ದಿನಕ್ಕೆ ಸುಮಾರು 20,000 ಕೋಟಿ ಕೆಂಪು ಕಣಗಳನ್ನು ತಯಾರಿಸಬೇಕು. ಅಷ್ಟಕ್ಕೂ ಮೂಲ, ಮೂಳೆಯ ಮಜ್ಜೆಯಲ್ಲಿ ಅಡಗಿರುವ, ಸಂಖ್ಯೆಯಲ್ಲಿ ತೀರಾ ಕಡಿಮೆಯಿರುವ ಕಾಂಡಕೋಶಗಳು, ಅಂದರೆ ಸ್ಟೆಮ್ ಸೆಲ್ಲುಗಳು. ಇಂಥ ಕೋಶಗಳಿವೆ ಎಂಬುದಕ್ಕೆ ಗಟ್ಟಿ ಪುರಾವೆ ಸಿಕ್ಕಿದ್ದು 1961ರಲ್ಲಿ, ಕೆನಡಾದ ಟೊರಾಂಟೊದಲ್ಲಿ. ಜೇಮ್ಸ್ ಟಿಲ್ ಮತ್ತು ಅರ್ನೆಸ್ಟ್ ಮೆಕಲಕ್ ವಿಕಿರಣದಿಂದ ಮಜ್ಜೆ ಸುಟ್ಟುಹೋದ ಇಲಿಗಳಿಗೆ ಬೇರೆ ಇಲಿಯ ಮಜ್ಜೆ ಚುಚ್ಚಿದಾಗ ಗುಲ್ಮದ ಮೇಲೆ ಗಂಟುಗಳೆದ್ದವು. ಒಂದೊಂದು ಗಂಟೂ ಒಂದೇ ಕೋಶದ ಸಂತಾನ ಎಂದು ಮುಂದೆ ಸಾಬೀತಾಯಿತು.

ರೋಗನಿರೋಧಕ ಶಕ್ತಿಯೂ ಇದೇ ಮಜ್ಜೆಯ ಮಗು. ಸೋಂಕಿನೊಡನೆ ಹೋರಾಡುವ ಬಿ ಕೋಶ, ಟಿ ಕೋಶ ಎರಡೂ ಇಲ್ಲದೆ ಹುಟ್ಟುವ ಶಿಶುಗಳಿರುತ್ತವೆ. ಸಾಧಾರಣ ಸೋಂಕೂ ಅವಕ್ಕೆ ಮಾರಕ. 1968ರಲ್ಲಿ ಅಮೆರಿಕದ ಮಿನ್ನೆಸೋಟದಲ್ಲಿ ರಾಬರ್ಟ್ ಗುಡ್ ತಂಡ ಇಂಥ ಒಂದು ಮಗುವಿಗೆ ಅಕ್ಕನ ಮಜ್ಜೆ ಕೊಟ್ಟು ಉಳಿಸಿತು. ಕುದುರೆ ಫಾರಂನ ಊರಾದ ಕುಣಿಗಲ್‌ನವರಿಗೆ ರುಚಿಸಬಹುದಾದ ಒಂದು ವಿಷಯ: ಇದೇ ದೋಷವನ್ನು 1973ರಲ್ಲಿ ಅರಬ್ಬಿ ತಳಿಯ ಕುದುರೆ ಮರಿಗಳಲ್ಲೂ ಗುರುತಿಸಿದರು. ಗಾಬರಿ ಬೇಡ, ಕುಣಿಗಲ್ ಫಾರಂನಲ್ಲಿ ಸಾಕುವುದು ಥರೋಬ್ರೆಡ್.

ಇನ್ನು ಜಕ್ಕೂರಿಗೆ ಬರೋಣ. ಸಿ.ಎನ್.ಆರ್. ರಾವ್ ಅವರು 1989ರಲ್ಲಿ ಕಟ್ಟಿದ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರ ಇರುವುದು ಅಲ್ಲಿ. ರಾವ್ ಅವರ ಹೆಸರು ಕೇಳಿದರೆ ರಸಾಯನಶಾಸ್ತ್ರವೇ ನೆನಪಾಗುತ್ತದೆ; ಜೀವಶಾಸ್ತ್ರವೂ ಅಲ್ಲಿ ಗಟ್ಟಿಯಾಗಿ ಬೇರುಬಿಟ್ಟಿದೆ. ರಕ್ತದ ಕಾಂಡಕೋಶಗಳ ಕೆಲಸ ನಡೆಸಿಕೊಂಡು ಬಂದವರು ಪ್ರೊ. ಮನೀಷಾ ಇನಾಂದಾರ್. ಅವರು ತರಬೇತಿ ಪಡೆದದ್ದು ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ, ವೆರೋನಿಕಾ ರೊಡ್ರಿಗ್ಸ್ ಅವರ ಪ್ರಯೋಗಾಲಯದಲ್ಲಿ. ಆಗ ಅವರ ಕೈಯಲ್ಲಿದ್ದದ್ದು ರಕ್ತವಲ್ಲ, ಹಣ್ಣಿನ ನೊಣದ ನಾಲಗೆಯ ರುಚಿ! ನೊಣ ರುಚಿ ಗುರುತಿಸಲು ಬೇಕಾದ ಒಂದು ವಂಶವಾಹಿಯ ಬಗ್ಗೆ 1993ರಲ್ಲಿ ಪ್ರಬಂಧ ಪ್ರಕಟವಾಯಿತು. ಮಾಗಿದ ಬಾಳೆಹಣ್ಣಿನ ಮೇಲೆ ಕೂರುವ ಆ ಪುಟ್ಟ ನೊಣವನ್ನು ಅವರು ಮುಂದೆಯೂ ಬಿಡಲಿಲ್ಲ, ಪ್ರಶ್ನೆಯನ್ನು ಮಾತ್ರ ಬದಲಿಸಿದರು.

ನೊಣಕ್ಕೆ ಕೆಂಪು ರಕ್ತವಿಲ್ಲ, ಮೂಳೆಯೂ ಇಲ್ಲ. ಆದರೂ ಅದಕ್ಕೆ ರಕ್ತಕೋಶಗಳಿವೆ. ಬ್ಯಾಕ್ಟೀರಿಯಾ ನುಂಗುವವು ಕೆಲವು, ಗಾಯ ಮುಚ್ಚಲು ನೆರವಾಗುವವು ಕೆಲವು, ಪರಾವಲಂಬಿ ದೇಹದೊಳಗೆ ಇಟ್ಟ ಮೊಟ್ಟೆಯನ್ನು ಸುತ್ತುವರಿಯುವವು ಇನ್ನು ಕೆಲವು. ಇವು ಹುಟ್ಟುವ ಪುಟ್ಟ ಗ್ರಂಥಿಯೊಂದು ಮರಿಹುಳುವಿನ ಬೆನ್ನಿನ ರಕ್ತನಾಳಕ್ಕೆ ಅಂಟಿಕೊಂಡಿರುತ್ತದೆ. ಅಲ್ಲಿ ಕೋಶಗಳಿಗೆ ಬೆಳೆಯಲು ಆಜ್ಞೆ ಕೊಡುವ ಅಣುಗಳಲ್ಲಿ ಅನೇಕವು ನಮ್ಮ ಮಜ್ಜೆಯಲ್ಲೂ ಇವೆ. ಇಲಿಯಲ್ಲಿ ವರ್ಷ ಹಿಡಿಯುವ ಪ್ರಯೋಗ ನೊಣದಲ್ಲಿ ವಾರಗಳಲ್ಲಿ ಮುಗಿಯುತ್ತದೆ. ನೊಣ ಸಾಕುವುದು ಒಂದು ಸಂಶೋಧನೆಯೇ ಎಂದು ನಗುವವರನ್ನು ಸ್ಟಾಫ್ ರೂಮಿನಲ್ಲೇ ನೋಡಿದ್ದೇನೆ. ಅವರಿಗೆ ಮುಂದಿನ ಭಾಗ.

2003ರಲ್ಲಿ ಇನಾಂದಾರ್ ತಂಡ ಹೊಸ ವಂಶವಾಹಿಯೊಂದನ್ನು ವರದಿ ಮಾಡಿತು. ಇಲಿಯ ಭ್ರೂಣದ ಕಾಂಡಕೋಶಗಳಲ್ಲೂ ನೊಣದ ರಕ್ತಕೋಶಗಳಲ್ಲೂ ಅದು ಕೆಲಸ ಮಾಡುತ್ತಿತ್ತು. ಅದಕ್ಕೆ ‘ಅಸೃಜ್’ ಎಂದು ಸಂಸ್ಕೃತದ ಹೆಸರಿಟ್ಟರು. 2011ರ ಹೊತ್ತಿಗೆ ಅದರ ಕೆಲಸ ಏನೆಂಬುದು ಸ್ಪಷ್ಟವಾಯಿತು. ಅದನ್ನು ತೆಗೆದ ನೊಣಗಳ ಗ್ರಂಥಿಯಲ್ಲಿ ಕಾಂಡಕೋಶಗಳು ಉಳಿಯುವುದಿಲ್ಲ. ಕಾಲಕ್ಕೆ ಮೊದಲೇ ಬೆಳೆದ ರಕ್ತಕೋಶಗಳಾಗಿಬಿಡುತ್ತವೆ. 2014ರಲ್ಲಿ ಇನ್ನೊಂದು ಪ್ರಬಂಧ ಬಂತು. ಕೋಶದೊಳಗೆ ಸಾಮಾನು ಸಾಗಿಸುವ ಸಣ್ಣ ಚೀಲಗಳ ಮೇಲೆ ಕೂತು ಅಸೃಜ್ ಈ ಹತೋಟಿ ನಡೆಸುತ್ತದೆ, ಎಆರ್‌ಎಫ್1 ಎಂಬ ಪ್ರೋಟೀನು ಅದನ್ನು ಚಾಲೂ ಮಾಡುತ್ತದೆ ಎಂದು ಅದು ತೋರಿಸಿತು. 2017ರಲ್ಲಿ ರೋಗನಿರೋಧಕದ ಕಡೆಗೆ ಹೊರಳಿದರು. ಈ ಜೋಡಿ ಕೈಕೊಟ್ಟ ನೊಣಗಳಲ್ಲಿ ರಕ್ಷಣೆಯ ಒಂದು ದಾರಿ ಅತಿಯಾಗಿ, ಇನ್ನೊಂದು ದಾರಿ ಕುಗ್ಗಿ, ಸೋಂಕು ತಗುಲಿದರೆ ಬದುಕುವುದು ಕಡಿಮೆಯಾಗಿತ್ತು.

ಆಮೇಲೆ ಇಲಿ. ಮಜ್ಜೆಯ ಕಾಂಡಕೋಶಗಳಲ್ಲಿ ಹೆಚ್ಚಿನವು ಸುಮ್ಮನೆ ಮಲಗಿರುತ್ತವೆ. ಮನೆಯವರು ಬಿತ್ತನೆಗೆಂದು ಎತ್ತಿಟ್ಟ ರಾಗಿಯ ಹಾಗೆ ಅವು. ಹಸಿವೆಂದು ಅದಕ್ಕೂ ಕೈಹಾಕಿದರೆ ಮುಂದಿನ ವರ್ಷ ಹೊಲ ಬೀಳು. 2019ರಲ್ಲಿ ‘ಬ್ಲಡ್’ ಪತ್ರಿಕೆಯಲ್ಲಿ ಬಂದ ಪ್ರಬಂಧದ ಪ್ರಕಾರ, ಅಸೃಜ್ ಇಲ್ಲದ ಇಲಿಗಳಲ್ಲಿ ಈ ಮೀಸಲು ಕೋಶಗಳು ಎಚ್ಚತ್ತು ವಿಭಜಿಸತೊಡಗುತ್ತವೆ, ಒಂದು ಬಗೆಯ ಬಿಳಿ ಕಣಗಳು ವಿಪರೀತ ಹೆಚ್ಚುತ್ತವೆ. ಕಾರಣ, ಕ್ಯಾನ್ಸರ್ ಓದಿದವರಿಗೆಲ್ಲ ಗೊತ್ತಿರುವ ಪಿ53 ಎಂಬ ಕಾವಲುಗಾರ ಪ್ರೋಟೀನು ಅಲ್ಲಿ ಬೇಗ ನಾಶವಾಗುತ್ತದೆ. ಅಸೃಜ್ ಇದ್ದರೆ ಆ ನಾಶಕ್ಕೆ ತಡೆ. 2003ರಿಂದ 2019ಕ್ಕೆ ಹದಿನಾರು ವರ್ಷ. ಇದರಿಂದ ಇವತ್ತೇ ಒಂದು ಮಾತ್ರೆ ಬಂದಿಲ್ಲ. ಆದರೆ ಮಾತ್ರೆ ಬರುವುದಿದ್ದರೆ ಇಂಥ ದಾರಿಯಲ್ಲೇ ಬರಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಇದರ ನಡುವೆ, 2009ರಲ್ಲಿ, ಅದೇ ತಂಡ ಮಾನವ ಭ್ರೂಣದ ಕಾಂಡಕೋಶಗಳ ಎರಡು ಸಾಲುಗಳನ್ನು ಬೆಳೆಸಿದ ವರದಿಯೂ ಬಂತು. ಹೆಸರು ಬಿಜೆಎನ್‌ಹೆಮ್19 ಮತ್ತು ಬಿಜೆಎನ್‌ಹೆಮ್20. ಬಳಸಿದ್ದು ಗುಣಮಟ್ಟ ಸಾಲದೆಂದು ಕೈಬಿಟ್ಟಿದ್ದ ಭ್ರೂಣಗಳನ್ನು. ಇಂಥ ಕೆಲಸದಲ್ಲಿ ಯಾವುದು ಸರಿ, ಯಾವುದು ತಪ್ಪು ಎಂಬ ಪ್ರಶ್ನೆ ತಾನಾಗಿ ಎದುರಾಗುತ್ತದೆ. 2018ರ ಕೊನೆಯಲ್ಲಿ ಚೀನಾದ ವಿಜ್ಞಾನಿಯೊಬ್ಬ ವಂಶವಾಹಿ ತಿದ್ದಿದ ಭ್ರೂಣಗಳಿಂದ ಮಕ್ಕಳು ಹುಟ್ಟಿದ್ದಾರೆಂದು ಘೋಷಿಸಿದಾಗ ಲೋಕವೇ ಬೆಚ್ಚಿತು. ಆಗ ವಿಶ್ವ ಆರೋಗ್ಯ ಸಂಸ್ಥೆ ರಚಿಸಿದ ತಜ್ಞರ ಸಮಿತಿಯಲ್ಲಿ ಇನಾಂದಾರ್ ಒಬ್ಬ ಸದಸ್ಯೆ. ಆ ಸಮಿತಿಯ ಶಿಫಾರಸು 2021ರ ಜುಲೈನಲ್ಲಿ ಹೊರಬಂತು.

ಮುಂದೆ ಇನಾಂದಾರ್ ಅದೇ ಬಳ್ಳಾರಿ ರಸ್ತೆಯ ಜಿಕೆವಿಕೆ ಆವರಣದಲ್ಲಿರುವ ಕಾಂಡಕೋಶ ಸಂಶೋಧನಾ ಸಂಸ್ಥೆ ಇನ್‌ಸ್ಟೆಮ್‌ನ ನಿರ್ದೇಶಕಿಯಾದರು. ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ 2009ರಲ್ಲಿ ಕಟ್ಟಿದ ಸಂಸ್ಥೆ ಅದು. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ಕಾಂಡಕೋಶ ಕೇಂದ್ರವೂ ಅದರದೇ ಘಟಕ. ಅಲ್ಲಿ ಡಾ. ಅಲೋಕ್ ಶ್ರೀವಾಸ್ತವ ಅವರ ತಂಡ ಮಾಡಿದ ಕೆಲಸವನ್ನು ಹೇಳದೆ ಮುಂದೆ ಹೋಗಲಾರೆ. ತೀವ್ರ ಹಿಮೋಫಿಲಿಯಾ ಎ ಇದ್ದವರಿಗೆ ರಕ್ತ ಹೆಪ್ಪುಗಟ್ಟಿಸುವ ಫ್ಯಾಕ್ಟರ್ 8 ಇರುವುದಿಲ್ಲ. ಕೀಲುಗಳೊಳಗೆ ರಕ್ತ ಸೋರುತ್ತದೆ, ಬದುಕಿಡೀ ಇಂಜೆಕ್ಷನ್. ಐವರು ರೋಗಿಗಳ ರಕ್ತದಿಂದ ಅವರದೇ ಕಾಂಡಕೋಶ ತೆಗೆದು, ಫ್ಯಾಕ್ಟರ್ 8ರ ವಂಶವಾಹಿ ಸೇರಿಸಿ, ವಾಪಸು ಕೊಟ್ಟರು. ಬಿಳಿ ರಕ್ತಕೋಶಗಳೇ ಆ ಫ್ಯಾಕ್ಟರ್ ತಯಾರಿಸತೊಡಗಿದವು. ಐವರಲ್ಲೂ ರಕ್ತಸ್ರಾವ ನಿಂತಿತು. 2024ರ ಡಿಸೆಂಬರ್‌ನಲ್ಲಿ ಇದನ್ನು ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ ಪ್ರಕಟಿಸಿತು. ಐದು ಜನ ಎಂಬುದು ಸಣ್ಣ ಸಂಖ್ಯೆ, ಇನ್ನೂ ವರ್ಷಗಟ್ಟಲೆ ಕಾದು ನೋಡಬೇಕು. ಆದರೂ ನಮ್ಮ ಪತ್ರಿಕೆಗಳ ಮುಖಪುಟಕ್ಕೆ ತಕ್ಕ ಸುದ್ದಿಯೇ ಅದಾಗಿತ್ತು.

ಮುಖಪುಟಕ್ಕೆ ಬರುವುದು ಬೇರೆಯದು. ‘ಸ್ಟೆಮ್ ಸೆಲ್’ ಹಾಕಿ ಮಂಡಿನೋವು, ಸಕ್ಕರೆ ಕಾಯಿಲೆ, ಮಕ್ಕಳ ಆಟಿಸಂ ಎಲ್ಲ ವಾಸಿ ಮಾಡುತ್ತೇವೆಂಬ ಜಾಹೀರಾತು. ಗದ್ದೆ ಅಡವಿಟ್ಟು ದುಡ್ಡು ಹೊಂದಿಸುವ ತಂದೆತಾಯಿಗೆ ಒಂದು ಮಾತು ಗೊತ್ತಿರಲಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2017ರ ಮಾರ್ಗಸೂಚಿಯಲ್ಲಿ ಒಪ್ಪಿರುವ ಮಾಮೂಲಿ ಚಿಕಿತ್ಸೆ ರಕ್ತ ಹುಟ್ಟಿಸುವ ಕಾಂಡಕೋಶಗಳ ಕಸಿ ಮಾತ್ರ, ಅದೂ ನಿಗದಿಯಾದ ಕಾಯಿಲೆಗಳಿಗೆ. ಉಳಿದದ್ದೆಲ್ಲ ಅನುಮತಿ ಪಡೆದ ಪ್ರಯೋಗವಾಗಿ ನಡೆಯಬೇಕು. ಪ್ರಯೋಗಕ್ಕೆ ರೋಗಿಯಿಂದ ಹಣ ಕೇಳುವಂತಿಲ್ಲ.

ಕಸಿಗೆ ಬೇಕಾದದ್ದು ಹೊಂದುವ ದಾನಿ. ಒಡಹುಟ್ಟಿದವರಲ್ಲಿ ಒಬ್ಬೊಬ್ಬರೂ ಪೂರ್ತಿ ಹೊಂದುವ ಸಾಧ್ಯತೆ ನಾಲ್ಕರಲ್ಲಿ ಒಂದೇ. ಮನೆಯಲ್ಲಿ ಸಿಗದಿದ್ದರೆ ಹೊರಗಿನ ದಾನಿಗಳ ಪಟ್ಟಿಯೇ ಗತಿ, ಆ ಪಟ್ಟಿಯಲ್ಲಿ ಭಾರತೀಯರು ತೀರಾ ಕಡಿಮೆ. ಹೆಸರು ಬರೆಸಲು ಕೆನ್ನೆಯ ಒಳಗೆ ಹತ್ತಿ ಕಡ್ಡಿ ಉಜ್ಜಿ ಕೊಟ್ಟರೆ ಸಾಕು. ಮುಂದೆ ಎಂದಾದರೂ ಕರೆ ಬಂದರೆ ಕೆಲವು ದಿನ ಇಂಜೆಕ್ಷನ್, ಆಮೇಲೆ ಕೆಲವು ಗಂಟೆ ಕೈಗೆ ಸೂಜಿ ಹಾಕಿಸಿಕೊಂಡು ಮಲಗುವುದು. ಬಹುಪಾಲು ದಾನಿಗಳಿಗೆ ಮೂಳೆ ಕೊರೆಯುವ ಪ್ರಶ್ನೆಯೇ ಇಲ್ಲ. ಬೆಂಗಳೂರಿನಲ್ಲಿ ಡಿಕೆಎಂಎಸ್ ಇಂಡಿಯಾ, ಚೆನ್ನೈನಲ್ಲಿ ದಾತ್ರಿ ಈ ಪಟ್ಟಿಗಳನ್ನು ನಡೆಸುತ್ತವೆ. ತುಮಕೂರು, ಗುಬ್ಬಿ, ಕುಣಿಗಲ್ ಕಾಲೇಜುಗಳ ಎನ್ನೆಸ್ಸೆಸ್ ಅಧಿಕಾರಿಗಳಲ್ಲಿ ನನ್ನ ವಿನಂತಿ: ಪ್ರತಿ ವರ್ಷ ನಡೆಸುವ ರಕ್ತದಾನ ಶಿಬಿರದಲ್ಲಿ ಇದಕ್ಕೂ ಒಂದು ಮೇಜು ಹಾಕಿಸಿ. ಹದಿನೆಂಟು ತುಂಬಿದ ಹುಡುಗ ಹುಡುಗಿಯರಿಗೆ ವಿಷಯ ಬಿಡಿಸಿ ಹೇಳಿ, ಒಪ್ಪಿದವರ ಹೆಸರು ಬರೆಸಿ.