ಇಂಗ್ಲಿಷ್ ಬೋಧನೆಯ ಪ್ರಬಂಧದಲ್ಲಿ ತರಗತಿಯ ಕನ್ನಡ

ಇಂಗ್ಲಿಷ್ ಬೋಧನೆಯ ಮೇಲೆ ಸ್ನಾತಕೋತ್ತರ ಪ್ರಬಂಧ ಬರೆಯುವವರು ಬಹುಬೇಗ ಪ್ರಶ್ನಾವಳಿಗೆ ಮೊರೆಹೋಗುತ್ತಾರೆ. ಶಿಕ್ಷಕರಿಗೆ ಹಂಚಿ, ಉತ್ತರಗಳ ಶೇಕಡಾವಾರು ಲೆಕ್ಕ ತೆಗೆದರೆ ಒಂದು ಅಧ್ಯಾಯ ಸಿದ್ಧವಾಗುತ್ತದೆ. ಅದರಿಂದ ಶಿಕ್ಷಕರ ಅಭಿಪ್ರಾಯ ತಿಳಿಯುತ್ತದೆಯೇ ಹೊರತು ಮಕ್ಕಳು ಕಲಿಯುವ ಬಗೆ ತಿಳಿಯುವುದಿಲ್ಲ. ಕಲಿಕೆಯ ಬಗ್ಗೆ ವಾದ ಹೂಡುವ ಪ್ರಬಂಧಕ್ಕೆ ತರಗತಿಯ ಮಾತೇ ಆಕರವಾಗಬೇಕು. ಆ ಮಾತಿನೊಳಗಿನ ಕನ್ನಡವೂ ಅದರಲ್ಲಿ ಸೇರಬೇಕು.

ಇಂಥ ಅಧ್ಯಯನಕ್ಕೆ ತಕ್ಕ ಪ್ರಶ್ನೆಯೊಂದು ನಮ್ಮ ನೆಲದಲ್ಲೇ ಹುಟ್ಟಿದೆ. 1979ರಿಂದ 1984ರವರೆಗೆ ಎನ್.ಎಸ್. ಪ್ರಭು ಅವರ ನೇತೃತ್ವದಲ್ಲಿ ದಕ್ಷಿಣ ಭಾರತದ ಕೆಲವು ಶಾಲೆಗಳಲ್ಲಿ ನಡೆದ ಪ್ರಯೋಗ 'ಬೆಂಗಳೂರು ಪ್ರಾಜೆಕ್ಟ್' ಎಂದು ಹೆಸರಾಯಿತು. ವ್ಯಾಕರಣವನ್ನು ಪಾಠಕ್ರಮವಾಗಿಸದೆ, ರೈಲು ವೇಳಾಪಟ್ಟಿ ಓದಿ ಪ್ರಯಾಣ ಯೋಜಿಸುವಂಥ, ನಕ್ಷೆ ನೋಡಿ ದಾರಿ ಹುಡುಕುವಂಥ ಸಮಸ್ಯೆಗಳನ್ನು ಮಕ್ಕಳ ಮುಂದಿಡಲಾಗುತ್ತಿತ್ತು. ಮೊದಲು ಶಿಕ್ಷಕರು ಪ್ರಶ್ನೋತ್ತರದ ಮೂಲಕ ಇಡೀ ತರಗತಿಯೊಡನೆ ಒಂದನ್ನು ಬಿಡಿಸುವರು; ಅದೇ ಬಗೆಯ ಇನ್ನೊಂದನ್ನು ಮಕ್ಕಳು ತಾವೇ ಬಿಡಿಸುವರು. ಮನಸ್ಸು ಅರ್ಥದಲ್ಲಿ ತೊಡಗಿರುವಾಗ ವ್ಯಾಕರಣ ಅರಿವಿಗೆ ಬಾರದಂತೆ ಬೆಳೆಯುತ್ತದೆ ಎಂಬುದು ಪ್ರಭು ಅವರ ನಂಬಿಕೆ. 1987ರ ಅವರ ಪುಸ್ತಕ ಇದನ್ನು ವಿವರವಾಗಿ ಮಂಡಿಸುತ್ತದೆ.

ಈ ಪ್ರಯೋಗದ ಮೌಲ್ಯಮಾಪನವನ್ನು ಅಲನ್ ಬೆರೆಟ್ಟಾ ಮತ್ತು ಅಲನ್ ಡೇವಿಸ್ 1985ರಲ್ಲಿ ಪ್ರಕಟಿಸಿದರು. ಈ ವಿಧಾನಕ್ಕೂ ವ್ಯಾಕರಣ ರಚನೆಗಳನ್ನು ಕ್ರಮವಾಗಿ ಕಲಿಸುವ ರೂಢಿಯ ವಿಧಾನಕ್ಕೂ ಒಗ್ಗುವ ಬೇರೆ ಬೇರೆ ಪರೀಕ್ಷೆಗಳ ಜೊತೆಗೆ, ಯಾವುದರ ಪರವೂ ವಾಲದ ಪರೀಕ್ಷೆಗಳನ್ನೂ ಅವರು ಕೊಟ್ಟರು. ಆದರೂ ಹೋಲಿಕೆಗೆ ಸಿಕ್ಕಿದ್ದು ಶಾಲೆಯಲ್ಲಿ ಮೊದಲೇ ಇದ್ದ ತರಗತಿಗಳು. ಮಕ್ಕಳನ್ನು ಚೀಟಿ ಎತ್ತಿ ಹಂಚಿದ್ದಲ್ಲ. ಅಷ್ಟು ದೊಡ್ಡ ಪ್ರಯೋಗಕ್ಕೇ ಈ ತೊಡಕಿದ್ದಾಗ, ಕೆಲವು ತಿಂಗಳ ಪ್ರಬಂಧವೊಂದು 'ಯಾವ ವಿಧಾನ ಉತ್ತಮ' ಎಂದು ತೀರ್ಪು ಕೊಡಹೊರಡುವುದು ಸರಿಯಲ್ಲ. ಪ್ರಶ್ನೆ ಕಿರಿದಾಗಲಿ.

ಮಕ್ಕಳು ತಮ್ಮತಮ್ಮಲ್ಲೇ ಮಾತಾಡಿದರೆ ತಪ್ಪು ಇಂಗ್ಲಿಷ್ ಗಟ್ಟಿಯಾದೀತು ಎಂಬ ಅಳುಕಿನಿಂದ ಪ್ರಭು ಗುಂಪು ಚಟುವಟಿಕೆಗೆ ಒತ್ತು ಕೊಡಲಿಲ್ಲ. ಇಂದಿನ ಕನ್ನಡ ಮಾಧ್ಯಮದ ತರಗತಿಯಲ್ಲಿ ಆ ಗುಂಪು ಚಟುವಟಿಕೆಯನ್ನೇ ಪರಿಶೀಲಿಸಬಹುದು: ವೇಳಾಪಟ್ಟಿ ಹಿಡಿದು ಕೂತ ನಾಲ್ವರು ಮಕ್ಕಳು ಯಾವ ಘಟ್ಟದಲ್ಲಿ ಯಾವ ಭಾಷೆಗೆ ಹೊರಳುತ್ತಾರೆ? "ಈ ರೈಲು ಬೇಡ ಕಣೋ, ಮುಂದಿನ ಬಸ್ಸು ಸಿಗಲ್ಲ" ಎಂದು ಒಬ್ಬ ಅಂದನೆನ್ನಿ. ದಾಖಲೆಯಲ್ಲಿ ಅಲ್ಲಿ 'ಕನ್ನಡದಲ್ಲಿ ಮಾತು' ಎಂದಷ್ಟೇ ಬರೆದರೆ, ಚಟುವಟಿಕೆ ಬಯಸಿದ ತರ್ಕವೇ ಕಾಣದಾಗುತ್ತದೆ. ಆ ಹುಡುಗ ಯೋಚಿಸಿದ್ದು ಆ ವಾಕ್ಯದಲ್ಲೇ. ಅದು ಇಂಗ್ಲಿಷ್ ಉತ್ತರಕ್ಕೆ ಏರುವ ಮೆಟ್ಟಿಲೋ, ಇಂಗ್ಲಿಷನ್ನು ತಪ್ಪಿಸುವ ದಾರಿಯೋ ಎಂಬುದನ್ನು ನಂತರದ ಮಾತುಗಳ ಜೊತೆಗಿಟ್ಟು ನೋಡಿಯೇ ಹೇಳಬೇಕು.

ಆದ್ದರಿಂದ ಮಾತನ್ನು ಕನ್ನಡ ಲಿಪಿಯಲ್ಲಿ, ಆಡಿದಂತೆಯೇ ಬರೆದು, ಪಕ್ಕದಲ್ಲಿ ಇಂಗ್ಲಿಷ್ ಅನುವಾದ ಕೊಡಬೇಕು. ಕಲಬುರಗಿಯ ಮಗುವಿನ ಮಾತನ್ನು ಶಿಷ್ಟ ಕನ್ನಡಕ್ಕೆ ತಿದ್ದಬಾರದು. ಮುಖ್ಯೋಪಾಧ್ಯಾಯರ ಅನುಮತಿಯೂ ಪೋಷಕರ ಒಪ್ಪಿಗೆಯೂ ಧ್ವನಿಮುದ್ರಣಕ್ಕೆ ಮೊದಲೇ ಸಿಕ್ಕಿರಬೇಕು. ಮಾತನ್ನು ಬರಹಕ್ಕಿಳಿಸುವುದು ತುಂಬ ಸಮಯ ಬೇಡುವ ಕೆಲಸವಾದ್ದರಿಂದ ಪಾಠಗಳ ಸಂಖ್ಯೆ ಕಡಿಮೆಯಿದ್ದರೂ ಅಡ್ಡಿಯಿಲ್ಲ. ಮಾರ್ಗದರ್ಶಕರು ಹೆಚ್ಚು ಶಾಲೆಗಳನ್ನು ಕೇಳುವುದರ ಬದಲು ಒಂದೇ ಗುಂಪನ್ನು ಹಲವು ವಾರ ಹಿಂಬಾಲಿಸಲು ಬಿಡುವುದು ಒಳ್ಳೆಯದು.